ಪೋಲೆಂಡ್ ದೇಶದ ಕಾವ್ಯ, ಸಂಗೀತ, ಚಲಚ್ಚಿತ್ರಗಳಲ್ಲಿ ಪ್ರೇಮ

‘ರೊಮಾನ್ಸ್’ ಎಂಬ ಶಬ್ದವು ಕಿವಿಗೆ ಬಿದ್ದೊಡನೆ ಹೆಣ್ಣುಮಕ್ಕಳ ತಂದೆತಾಯಿಗಳಲ್ಲಿ ಬಹುಮಂದಿ ಹುಬ್ಬುಗಂಟಿಕ್ಕುವರು. ಇದಕ್ಕೆ ಕಾರಣವಿಲ್ಲದಿಲ್ಲ. ಅಗ್ಗದ ಕಾದಂಬರಿಗಳೂ ಅವುಗಳಿಗಿಂತಲೂ ಅಗ್ಗವಾದ ಚಲಚ್ಚಿತ್ರಗಳೂ ಆ ಶಬ್ದವನ್ನು ಸವೆದ ನಾಣ್ಯದಂತೆ ಮಾಡಿಬಿಟ್ಟಿರುವುವು. ಆದರೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ಈಗ ತಾವೇ ತಾಯಂದಿರಾಗಿ, “ನಮ್ಮ ಹುಡುಗಿಯರು ಪ್ರೇಮದ ಕಥೆಗಳನ್ನು ಓದಬಹುದೇ? ಓದುವುದಾದರೆ ಯಾವುದನ್ನು ಓದಬೇಕು?” ಎಂದು ನನ್ನನ್ನು ಕೇಳುವುದುಂಟು. ಓದಲೇ ಬಾರದೆಂದು ಹೇಳುವುದು ಸುಲಭ. ಆದರೆ ಹಾಗೆ ಹೇಳಿದವರ ಮಾತು ಮನೆಯ ಹೊಸ್ತಿಲನ್ನು ಸಹ ದಾಟುವುದಿಲ್ಲವೆಂಬುದು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹುಡುಗಿಯರ ನಡುವೆ ಇದ್ದವರಿಗೆಲ್ಲ ತಿಳಿದ ಸಂಗತಿ. ಆದುದರಿಂದ ಪ್ರೇಮವೆಂಬುದನ್ನು ಆಟದ ಸಾಮಾನಾಗಿ ಎಣಿಸದೆ, ಅದಕ್ಕೆ ಬೆಲೆ ತೆತ್ತ ಒಂದು ಜನಾಂಗದ ಕಾವ್ಯವನ್ನೂ ಸಂಗೀತವನ್ನೂ, ಅವುಗಳಿಂದ ಹುಟ್ಟಿದ ಚಲಚ್ಚಿತ್ರಗಳನ್ನೂ ಕುರಿತು ಇಲ್ಲಿ ವಿವರಿಸಬೇಕೆಂದು ಎಣಿಸಿದ್ದೇನೆ. ಆ ಜನಾಂಗವು ಪೋಲೆಂಡಿನವರದು.

ಮೊದಲು ಆ ದೇಶದ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಇಲ್ಲವಾದರೆ ಅವರ ಪ್ರೇಮಕವನಗಳು ನಮಗೆ ಅರ್ಥವಾಗಲಾರವು. ಒಂದು ಕಾಲದಲ್ಲಿ ಯೂರೋಪಿನ ದೊಡ್ಡ ರಾಜ್ಯಗಳಲ್ಲೊಂದಾಗಿದ್ದ ಪೋಲೆಂಡನ್ನು ನೆರೆಯವರಾದ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ರಾಜ್ಯಗಳು 1772, 1793, 1795ನೆಯ ಇಸವಿಗಳಲ್ಲಿ ಮೂರು ಕಂತುಗಳಾಗಿ ಹಂಚಿಕೊಂಡು ನುಂಗಿದವು. ಅಲ್ಲಿಂದ 1918ರ ವರೆಗೆ, ಅಂದರೆ 123 ವರ್ಷಗಳ ಕಾಲ, ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ರಾಜ್ಯವೇ ಇರಲಿಲ್ಲ. ಹೆಸರು ಅಳಿಸಿಹೋದ ದೇಶವು ಎಲ್ಲಿ ಬದುಕಿದ್ದಿತು? ಭಾಷೆಯಲ್ಲಿ, ಹಾಡಿನಲ್ಲಿ, ಪ್ರಾರ್ಥನೆಯಲ್ಲಿ, ಅಡಿಗೆಮನೆಯಲ್ಲಿ. 1863ರ ದಂಗೆಯು ಮುರಿದುಬಿದ್ದ ಮೇಲೆ ವಾರ್ಸಾ ಪ್ರಾಂತದ ಶಾಲೆಗಳಲ್ಲಿ ಪಾಠಗಳೆಲ್ಲ ರಷ್ಯನ್ ಭಾಷೆಯಲ್ಲೇ ನಡೆಯತಕ್ಕದ್ದೆಂದಾಯಿತು. ಪ್ರಷ್ಯಾದ ಪಾಲಿಗೆ ಬಿದ್ದಿದ್ದ ವ್ಶೆಶ್ನ್ಯಾ ಎಂಬ ಊರಿನಲ್ಲಿ 1901ರಲ್ಲಿ ಶಾಲೆಯ ಮಕ್ಕಳು ಮತಬೋಧೆಯ ಪಾಠದಲ್ಲಿ ಜರ್ಮನ್ ಭಾಷೆಯಲ್ಲಿ ಉತ್ತರ ಕೊಡಲು ಒಪ್ಪದೆ ಬೆತ್ತದ ಏಟು ತಿಂದರು. ದೇವರೊಡನೆ ತಾಯ್ನುಡಿಯಲ್ಲಿ ಮಾತಾಡುವೆವೆಂಬುದೇ ಆ ಮಕ್ಕಳ ಅಪರಾಧ. ಇಂಥಲ್ಲಿ ಪೋಲಿಷ್ ಭಾಷೆಯ ಕವನವನ್ನು ಮಗುವಿಗೆ ಬಾಯಿಪಾಠ ಮಾಡಿಸುವ ಕೆಲಸವು ಶಾಲೆಯಿಂದ ತಪ್ಪಿ ತಾಯಂದಿರ ಕೈಗೆ ಬಂದಿತು. ವಾರ್ಸಾ ನಗರದಲ್ಲಿ ಹೆಂಗಸರಿಗಾಗಿ ಗುಟ್ಟಾಗಿ ಮನೆಯಿಂದ ಮನೆಗೆ ಸ್ಥಳ ಬದಲಾಯಿಸುತ್ತ ನಡೆಯುತ್ತಿದ್ದ ‘ಹಾರುವ ವಿಶ್ವವಿದ್ಯಾಲಯ’ವೊಂದು ಇದ್ದಿತು. ರೇಡಿಯಂ ಕಂಡುಹಿಡಿದ ಮೇಡಮ್ ಕ್ಯೂರಿ ಎಂದು ನಮ್ಮ ಹುಡುಗಿಯರೆಲ್ಲ ಅರಿತಿರುವ ಮಾರಿಯಾ ಸ್ಕ್ವೊದೋವ್‌ಸ್ಕಾ ಅದರಲ್ಲಿ ಕಲಿತವಳೇ.

ಈ ಕಾವ್ಯದ ಮೂಲಪುರುಷನು ಆದಾಮ್ ಮಿತ್ಸ್‌ಕ್ಯೇವಿಚ್. ಇಂದು ಬೆಲಾರೂಸ್ ದೇಶಕ್ಕೆ ಸೇರಿರುವ ನೊವೊಗ್ರೂದೊಕ್ ಪ್ರಾಂತದಲ್ಲಿ 1798ರ ಕ್ರಿಸ್ಮಸ್ ಹಿಂದಿನ ದಿನ ಹುಟ್ಟಿದ ಈತನು ವಿಲ್ನಾ ವಿಶ್ವವಿದ್ಯಾಲಯದಲ್ಲಿ ಓದಿ, 1819ರಲ್ಲಿ ಕೊವ್ನೊ ಎಂಬ ಊರಿನ ಶಾಲೆಯಲ್ಲಿ ಉಪಾಧ್ಯಾಯನಾದನು. ನಮ್ಮ ವೃತ್ತಿಯವನೇ ಎಂದು ನಾವು ಹೆಮ್ಮೆಪಡಬಹುದು. ಆದರೆ ಆ ಕೆಲಸವು ಅವನಿಗೆ ಬಹಳ ಬೇಸರ ತರಿಸಿತೆಂಬುದನ್ನು ಮರೆಮಾಚುವಂತಿಲ್ಲ. ವಿದ್ಯಾರ್ಥಿಯಾಗಿದ್ದಾಗ ಬಿಡುವಿನ ದಿನಗಳಲ್ಲಿ ಜಮೀನುದಾರರ ಮನೆಯೊಂದಕ್ಕೆ ಹೋಗುತ್ತಿದ್ದಲ್ಲಿ ಮರಿಲಾ ವೆರೆಶ್ಚಾಕ ಎಂಬ ಕನ್ಯೆಯ ಪರಿಚಯವಾಯಿತು. ಇಬ್ಬರಿಗೂ ಪುಸ್ತಕಗಳಲ್ಲಿ ಪ್ರೀತಿ, ಸಂಗೀತದಲ್ಲಿ ಪ್ರೀತಿ. ಆದರೆ ಇವನು ಬಡ ಉಪಾಧ್ಯಾಯ. 1821ರಲ್ಲಿ ಆಕೆಯು ಪುಟ್ಕಾಮರ್ ಎಂಬ ಸಿರಿವಂತ ಕೌಂಟನ ಹೆಂಡತಿಯಾದಳು. ಮರುವರ್ಷವೇ ವಿಲ್ನಾದಲ್ಲಿ ‘ಬ್ಯಾಲಡುಗಳೂ ರೊಮಾನ್ಸುಗಳೂ’ ಎಂಬ ಅವನ ಸಣ್ಣ ಸಂಪುಟವು ಅಚ್ಚಾಯಿತು. ಪೋಲಿಷ್ ಸಾಹಿತ್ಯದಲ್ಲಿ ಹೊಸ ಯುಗವು ಅಂದಿನಿಂದ ಆರಂಭವಾಯಿತೆಂದು ಪಂಡಿತರು ಗಣಿಸುತ್ತಾರೆ.

ಆ ಸಂಪುಟದಲ್ಲಿ ಒಂದು ಹುಡುಗಿಯ ಕಥೆ ಬರುವುದು. ಅವಳ ಪ್ರಿಯನು ಸತ್ತಿರುವನು. ಆದರೆ ನಡುಹಗಲಿನಲ್ಲಿ, ಪೇಟೆಯ ನಡುವೆ, ಆಕೆ ಅವನನ್ನು ಕಂಡು ಅವನೊಡನೆ ಮಾತಾಡುತ್ತಾಳೆ. ಸುತ್ತ ನೆರೆದ ಬಡಜನರು ಅವಳ ಮಾತನ್ನು ನಂಬಿ ಪ್ರಾರ್ಥಿಸುವರು. ಮುದುಕನಾದ ಪಂಡಿತನೊಬ್ಬನು ಕನ್ನಡಿಯ ಗಾಜಿನ ಮೂಲಕ ನೋಡಿ, ಇಲ್ಲಿ ಏನೂ ಇಲ್ಲ, ಈ ಹುಡುಗಿಗೆ ಭ್ರಮೆ ಎನ್ನುವನು. ಕವಿಯು ಹುಡುಗಿಯ ಪಕ್ಷವನ್ನು ವಹಿಸಿ, ಹೃದಯಕ್ಕೆ ತಿಳಿದುದು ಗಾಜಿಗೆ ತಿಳಿಯದೆಂದು ಸಾರುವನು. ಭೂತಪ್ರೇತಗಳನ್ನು ನಂಬಬೇಡಿರೆಂದು ತರಗತಿಯಲ್ಲಿ ಪ್ರತಿದಿನವೂ ಹೇಳುವ ನನಗೆ ಆ ಮುದುಕ ಪಂಡಿತನ ಮೇಲೆ ಸ್ವಲ್ಪ ಕನಿಕರವೂ ಉಂಟು. ಅವನು ಕಂಡದ್ದನ್ನೇ ಹೇಳಿದನಷ್ಟೆ. ಆದರೆ ದುಃಖದಲ್ಲಿರುವ ಹುಡುಗಿಯೊಬ್ಬಳ ಎದುರಿಗೆ ನಿಂತು ಅವಳನ್ನು ಸಂತೈಸುವುದಕ್ಕೆ ಮುಂಚೆ ತಿದ್ದುವುದು ಬಹು ಕೆಟ್ಟ ಅಭ್ಯಾಸವೆಂಬುದರಲ್ಲಿ ಕವಿಯು ಹೇಳುವುದೇ ಸರಿ.

1823ರಲ್ಲಿ ರಷ್ಯನ್ ಸರ್ಕಾರವು ವಿಲ್ನಾದ ವಿದ್ಯಾರ್ಥಿಸಂಘಗಳ ಮೇಲೆ ಕೈಯಿಟ್ಟು ಮಿತ್ಸ್‌ಕ್ಯೇವಿಚನನ್ನೂ ಅವನ ಗೆಳೆಯರನ್ನೂ ಒಂದು ಮಠದ ಕಟ್ಟಡದಲ್ಲಿ ಸೆರೆಯಿಟ್ಟಿತು. ಮರುವರ್ಷ ಅವನನ್ನು ರಷ್ಯಾಕ್ಕೆ ಗಡೀಪಾರು ಮಾಡಿದರು. ತನ್ನ ನಾಡನ್ನು ಅವನು ಮತ್ತೆ ಕಾಣಲೇ ಇಲ್ಲ. ಈ ಸೆರೆಮನೆಯೇ ಅವನ ‘ಜಾದಿ’ ಎಂಬ ನಾಟಕದ ಮೂರನೆಯ ಭಾಗಕ್ಕೆ (1832) ರಂಗಸ್ಥಳವಾಯಿತು. ‘ಜಾದಿ’ ಎಂದರೆ ಪಿತೃಗಳ ಹಬ್ಬ. ಸತ್ತವರ ಆತ್ಮಗಳಿಗೆ ಎಡೆಯಿಡುವ ಹಳ್ಳಿಯ ಆಚರಣೆಯೊಂದರ ಹೆಸರು ಅದು. ಹಿಂದಿನ ಭಾಗದಲ್ಲಿ ಗುಸ್ತಾವ್ ಎಂಬ ತರುಣನು ಸಿಗದ ಪ್ರೇಯಸಿಗಾಗಿ ಹುಚ್ಚನಂತೆ ಹಲುಬುತ್ತಾನೆ. ಮೂರನೆಯ ಭಾಗದಲ್ಲಿ ಅದೇ ತರುಣನು ಸೆರೆಮನೆಯ ಗೋಡೆಯ ಮೇಲೆ ಇದ್ದಲಿನಿಂದ, ಗುಸ್ತಾವನು ಇಲ್ಲಿ ಸತ್ತನು, ಕೊನ್‌ರಾದನು ಇಲ್ಲಿ ಹುಟ್ಟಿದನು ಎಂಬರ್ಥದ ಬರಹವನ್ನು ಬರೆಯುತ್ತಾನೆ. ಪೋಲಿಷ್ ರೊಮಾನ್ಸಿನ ಬೀಗದಕೈ ಇಲ್ಲಿದೆ. ಒಬ್ಬಳನ್ನು ಪ್ರೀತಿಸಿದವನು ಸತ್ತು, ದೇಶವನ್ನು ಪ್ರೀತಿಸುವವನಾಗಿ ಹುಟ್ಟುವನು. ಅಂದಿನಿಂದ ಆ ಭಾಷೆಯ ಪ್ರೇಮಕವನವನ್ನು ಓದುವವರಿಗೆಲ್ಲ, ಈ ‘ಅವಳು’ ಹೆಣ್ಣೋ ನಾಡೋ ಎಂಬ ಸಂದೇಹವು ಬೆನ್ನುಹತ್ತಿಯೇ ಇರುವುದು. ಈ ನಾಟಕಕ್ಕಿದ್ದ ಕಾವು ಎಷ್ಟೆಂದರೆ, ಬರೆದು 136 ವರ್ಷಗಳಾದ ಮೇಲೆ, 1968ರ ಜನವರಿಯಲ್ಲಿ, ವಾರ್ಸಾದ ನ್ಯಾಷನಲ್ ಥಿಯೇಟರಿನಲ್ಲಿ ನಡೆಯುತ್ತಿದ್ದ ಇದರ ಪ್ರದರ್ಶನವನ್ನು ಅಂದಿನ ಕಮ್ಯೂನಿಸ್ಟ್ ಸರ್ಕಾರವು ನಿಲ್ಲಿಸಿತು, ವಿದ್ಯಾರ್ಥಿಗಳು ಬೀದಿಗಿಳಿದರು.

ಇಲ್ಲಿ ನನ್ನದೊಂದು ಆಕ್ಷೇಪಣೆಯನ್ನು ಹೇಳದೆ ಮುಂದುವರಿಯಲಾರೆ. ಮರಿಲಾಳ ಹೆಸರು ಪೋಲೆಂಡಿನ ಪ್ರತಿ ಶಾಲಾಬಾಲಿಕೆಗೂ ಗೊತ್ತು. ಆದರೆ ಆ ಕಾವ್ಯದಲ್ಲಿ ಅವಳ ಬಾಯಿಂದ ಬರುವ ಮಾತು ಎಷ್ಟು? ಗಂಡಸು ಅಳುವನು, ಹಾಡುವನು, ಶಪಿಸುವನು. ಹೆಣ್ಣು ಚಿತ್ರದಂತೆ ಗೋಡೆಯ ಮೇಲೆ ಇರುವಳು. ಮಿತ್ಸ್‌ಕ್ಯೇವಿಚನು ಕಡೆಗೆ ಮದುವೆಯಾದುದು ಬೇರೊಬ್ಬಳನ್ನು, ಸೆಲೀನಾ ಶಿಮನೋವ್‌ಸ್ಕಾ ಎಂಬಾಕೆಯನ್ನು. ಆಕೆಯ ತಾಯಿ ಮಾರಿಯಾ ಶಿಮನೋವ್‌ಸ್ಕಾ ಯೂರೋಪಿನ ರಾಜಧಾನಿಗಳಲ್ಲೆಲ್ಲ ಕಚೇರಿ ನಡೆಸಿ, ತನ್ನ ಬೆರಳುಗಳ ದುಡಿಮೆಯಿಂದ ಮಕ್ಕಳನ್ನು ಸಾಕಿದ ಪಿಯಾನೊ ವಿದುಷಿ. ಮಹಾಕವಿ ಗಯಟೆಯೂ ಆಕೆಯ ವಾದನವನ್ನು ಕೇಳಿ ಕವನ ಬರೆದಿದ್ದನು. ನಮ್ಮ ಹುಡುಗಿಯರು ಮರಿಲಾಳ ಚಿತ್ರದ ಪಕ್ಕದಲ್ಲಿ ಈಕೆಯ ಚಿತ್ರವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಮಿತ್ಸ್‌ಕ್ಯೇವಿಚನ ಮಹಾಕೃತಿ ‘ಪಾನ್ ತಾದೇವುಷ್’. 1834ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಇದು ಹನ್ನೆರಡು ಸರ್ಗಗಳ ಕಾವ್ಯ. ಸಾಲು ಒಂದಕ್ಕೆ ಹದಿಮೂರು ಅಕ್ಷರಗಳ ಛಂದಸ್ಸು. 1811-12ರಲ್ಲಿ, ನೆಪೋಲಿಯನನ ಸೇನೆ ರಷ್ಯಾದತ್ತ ನಡೆಯುತ್ತಿದ್ದ ಕಾಲದಲ್ಲಿ, ಲಿಥುವೇನಿಯಾದ ಹಳ್ಳಿಯೊಂದರಲ್ಲಿ ಕಥೆ ನಡೆಯುವುದು. ಸೊಪ್ಲೀತ್ಸ, ಹೊರೆಶ್ಕೊ ಎಂಬ ಎರಡು ಮನೆತನಗಳಿಗೆ ಹಗೆ. ಹಗೆಗೆ ಕಾರಣವೇನೆಂದು ಕೇಳಿದರೆ ಪೋಷಕರು ಸ್ವಲ್ಪ ನಿಲ್ಲಬೇಕಾದೀತು. ಯಾತ್ಸೆಕ್ ಸೊಪ್ಲೀತ್ಸನೆಂಬ ಸಾಧಾರಣ ಮನೆತನದ ತರುಣನನ್ನು ಹೊರೆಶ್ಕೊ ಮನೆಯ ಯಜಮಾನನು ತನ್ನ ರಾಜಕೀಯದ ಲಾಭಕ್ಕಾಗಿ ದಿನವೂ ಮನೆಗೆ ಕರೆದು, ಬೆನ್ನು ತಟ್ಟಿ, ಗೆಳೆಯನೇ ಎನ್ನುವನು. ಆ ತರುಣನೂ ಯಜಮಾನನ ಮಗಳು ಏವಾಳೂ ಪರಸ್ಪರ ಒಲಿದಿರುವರು. ತಂದೆಗೆ ಇದು ಗೊತ್ತು, ಆದರೆ ಗೊತ್ತಿಲ್ಲದವನಂತೆ ಇರುವನು. ಕೊನೆಗೆ ಒಂದು ದಿನ ಊಟದ ಮೇಜಿನ ಮೇಲೆ ಅವನಿಗೆ ಕಪ್ಪು ಸಾರನ್ನು ಬಡಿಸಲಾಗುತ್ತದೆ. ಹಕ್ಕಿಯ ರಕ್ತದಿಂದ ಮಾಡುವ ಈ ಸಾರನ್ನು ವರನ ಮುಂದಿಟ್ಟರೆ, ಮಗಳನ್ನು ಕೊಡುವುದಿಲ್ಲವೆಂದು ಅರ್ಥ. ಆ ಕಾಲದ ಪೋಲಿಷ್ ಮನೆಗಳಲ್ಲಿ ಬಾಯಿಬಿಟ್ಟು ಹೇಳದೆಯೇ ಹೇಳುವ ಕ್ರಮವಿದು. ಏವಾಳನ್ನು ಬೇರೆಯವನಿಗೆ ಕೊಡುವರು. ಯಾತ್ಸೆಕನು ಕುಡಿತಕ್ಕೆ ಬಿದ್ದು, ರಷ್ಯನ್ನರು ಆ ಕೋಟೆಮನೆಯನ್ನು ಮುತ್ತಿದ ದಿನ ಕೋಪದ ಒಂದು ಗಳಿಗೆಯಲ್ಲಿ ಯಜಮಾನನನ್ನು ಗುಂಡಿಟ್ಟು ಕೊಲ್ಲುವನು. ಅಲ್ಲಿಂದ ಮುಂದೆ ಜೀವಮಾನವೆಲ್ಲ ಪ್ರಾಯಶ್ಚಿತ್ತ: ‘ಹುಳು’ ಎಂಬರ್ಥದ ಹೆಸರನ್ನಿಟ್ಟುಕೊಂಡು ಸಂನ್ಯಾಸಿಯಾಗಿ, ದೇಶದ ಕೆಲಸಕ್ಕಾಗಿ ಅಲೆದು, ಏವಾಳ ಮಗಳು ಜೋಶಾಳನ್ನು ಗುಟ್ಟಾಗಿ ಪೋಷಿಸಿ, ಅವಳಿಗೂ ತನ್ನ ಮಗ ತಾದೇವುಷನಿಗೂ ಮದುವೆ ನಡೆಯಲೆಂದು ಹಂಬಲಿಸಿ, ಗಾಯಗೊಂಡು ಸಾಯುವನು.

ಕೊಲೆ ಮಾಡಿದವನು ಪಾಪಿಯೆಂಬುದರಲ್ಲಿ ಕವಿಗೆ ಸಂಶಯವಿಲ್ಲ. ಆದರೆ ಮನೆಗೆ ಕರೆದು ಆಸೆ ಹುಟ್ಟಿಸಿ, ತನ್ನ ಕೆಲಸವಾದ ಮೇಲೆ ಸಾರಿನ ಬಟ್ಟಲಿನಿಂದ ಉತ್ತರ ಹೇಳಿದ ತಂದೆಯ ಗರ್ವವನ್ನೂ ಅವನು ತೂಗಿ ನೋಡಿದ್ದಾನೆ. ಬೇಡವೆನ್ನುವ ಅಧಿಕಾರ ತಂದೆಗೆ ಇರಬಹುದು. ಅದನ್ನು ಯಾವಾಗ, ಯಾವ ಬಾಯಿಂದ, ಮಗಳನ್ನು ಕೇಳಿಯೋ ಕೇಳದೆಯೋ ಹೇಳಿದನೆಂಬುದರ ಮೇಲೆ ಎರಡು ಮನೆಗಳ ಬಾಳು ನಿಂತಿದ್ದಿತು. ಏವಾಳನ್ನು ಯಾರೂ ಕೇಳಲಿಲ್ಲ.

ಕಾವ್ಯದ ಕೊನೆಯ ಸರ್ಗಗಳಲ್ಲಿ ನಿಶ್ಚಿತಾರ್ಥದ ಔತಣ. ಯಾಂಕಿಯೆಲ್ ಎಂಬ ಯೆಹೂದ್ಯ ಮುದುಕನು ತಂತಿವಾದ್ಯವನ್ನು ಸಣ್ಣ ಕೋಲುಗಳಿಂದ ಬಾರಿಸಿ, ಮಾತಿಲ್ಲದೆಯೇ ದೇಶದ ಇತ್ತೀಚಿನ ಚರಿತ್ರೆಯನ್ನೆಲ್ಲ ನೆರೆದವರಿಗೆ ಕೇಳಿಸುವನು. ಬಳಿಕ ಹಿರಿಯನೊಬ್ಬನು ಜೋಶಾಳ ಕೈ ಹಿಡಿದು ಪೊಲೊನೇಸ್ ನಾಟ್ಯವನ್ನು ಮುನ್ನಡೆಸುವನು. ತಾದೇವುಷನು ತನ್ನ ಜಮೀನಿನ ರೈತರಿಗೆ ಬಿಡುಗಡೆ ಕೊಡಬೇಕೆಂದು ಎಣಿಸಿ, ಇದರಿಂದ ನಮ್ಮ ವರಮಾನ ಕಡಿಮೆಯಾದೀತೆಂದು ಜೋಶಾಳ ಅಭಿಪ್ರಾಯವನ್ನು ಕೇಳುವನು; ಹಳ್ಳಿಯ ಬಾಳು ತನಗೆ ಹೊಸದಲ್ಲವೆಂದು ಆಕೆ ಒಪ್ಪುವಳು. ತಾಯಿಯನ್ನು ಕೇಳದ ಮನೆಯಲ್ಲಿ ಮಗಳನ್ನು ಕೇಳುವವನೊಬ್ಬ ಸಿಕ್ಕಿದನು. ಆದರೆ ಜೋಶಾಳಿಗೆ ಹದಿನಾಲ್ಕೇ ವರ್ಷವೆಂದು ಕವಿ ಹೇಳುವುದನ್ನು ಓದಿದಾಗ, ಆ ಹುಡುಗಿ ಇನ್ನು ನಾಲ್ಕೈದು ವರ್ಷ ಶಾಲೆಯಲ್ಲಿರಬೇಕಾಗಿತ್ತೆಂದು ನನ್ನ ಮನಸ್ಸಿಗೆ ಬಾರದೆ ಇರಲಿಲ್ಲ.

ಇನ್ನು ಸಂಗೀತ. ಫ್ರೆಡರಿಕ್ ಶೊಪ್ಯಾನನು 1810ರಲ್ಲಿ ವಾರ್ಸಾ ಬಳಿಯ ಜೆಲಜೋವಾ ವೋಲಾ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೊನ್ಸ್‌ತಾಂತ್ಸ್ಯಾ ಗ್ವದ್ಕೋವ್‌ಸ್ಕಾ ಎಂಬ ಗಾಯಕಿಯಲ್ಲಿ ಅವನ ಮನಸ್ಸು ನೆಟ್ಟಿತು. 1829ರ ಅಕ್ಟೋಬರಿನಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ, ಆರು ತಿಂಗಳಿಂದ ಅವಳೊಡನೆ ಒಂದು ಮಾತನ್ನೂ ಆಡಿಲ್ಲವೆಂದೂ, ತನ್ನ ಪಿಯಾನೊ ಕಂಚೆರ್ಟೊವಿನ ನಿಧಾನಗತಿಯ ಭಾಗವು ಅವಳ ನೆನಪಿನಿಂದಲೇ ಹುಟ್ಟಿತೆಂದೂ ತಿಳಿಸಿದ್ದಾನೆ. ಇಷ್ಟಾಗಿ ಆ ಕೃತಿಯು ಅಚ್ಚಾದಾಗ ಅದನ್ನು ಅರ್ಪಿಸಿದ್ದು ಮತ್ತೊಬ್ಬ ಮಹಿಳೆಗೆ. ಮಾತಿಲ್ಲದ ಪ್ರೇಮಕ್ಕೆ ಮಾತಿಲ್ಲದ ಸಂಗೀತವು ತಕ್ಕದ್ದೇ. 1830ರ ನವೆಂಬರ್ ಆರಂಭದಲ್ಲಿ ಅವನು ವಾರ್ಸಾವನ್ನು ಬಿಟ್ಟನು, ಅದೇ ತಿಂಗಳ 29ರಂದು ರಷ್ಯನ್ನರ ವಿರುದ್ಧ ದಂಗೆಯೆದ್ದಿತು, ದಂಗೆ ಸೋತಿತು, ಅವನು ಮರಳಲಿಲ್ಲ. ಕೊನ್ಸ್‌ತಾಂತ್ಸ್ಯಾ 1832ರಲ್ಲಿ ಬೇರೊಬ್ಬನ ಕೈಹಿಡಿದಳು. 1836ರಲ್ಲಿ ಮಾರಿಯಾ ವೊಜೀನ್‌ಸ್ಕಾ ಎಂಬಾಕೆಯನ್ನು ಶೊಪ್ಯಾನನು ಕೇಳಿದನು, ಆಕೆ ಒಪ್ಪಿದಳು, ಮನೆಯವರು ಮೆಲ್ಲಮೆಲ್ಲಗೆ ಕೈಬಿಟ್ಟರು. ಆ ಮನೆಯಿಂದ ಬಂದ ಕಾಗದಗಳನ್ನು ಅವನು ಕಟ್ಟುಕಟ್ಟಿ, ಮೇಲೆ ‘ನನ್ನ ದುಃಖ’ ಎಂಬರ್ಥದ ಎರಡು ಮಾತುಗಳನ್ನು ಬರೆದಿಟ್ಟಿದ್ದುದು ಅವನು ಸತ್ತ ಮೇಲೆ ದೊರೆಯಿತು.

ಪಿಯಾನೊ ಕಲಿತ ನಮ್ಮ ಹುಡುಗಿಯರು ಶೊಪ್ಯಾನನ ಮಜೂರ್ಕಗಳಲ್ಲಿ ಒಂದೆರಡನ್ನು ಬಲ್ಲರು. ಮಜೂರ್ಕವೆಂಬುದು ಹಳ್ಳಿಯ ನಾಟ್ಯ. ಮೂರು ಎಣಿಕೆಯ ತಾಳ. ಆದರೆ ಒತ್ತು ಮೊದಲನೆಯ ಎಣಿಕೆಯ ಮೇಲೆ ಬೀಳದೆ ಎರಡನೆಯದರ ಮೇಲೋ ಮೂರನೆಯದರ ಮೇಲೋ ಬೀಳುವುದು. ಆದುದರಿಂದಲೇ ಕುಣಿತದಲ್ಲಿಯೂ ಒಂದು ಬಿಕ್ಕು ಕೇಳಿದಂತಾಗುವುದು. ಪೊಲೊನೇಸ್ ಸಹ ಮೂರು ಎಣಿಕೆಯದೇ, ಆದರೆ ಗಂಭೀರವಾದ ನಡಿಗೆ. ಜೋಡಿಜೋಡಿಯಾಗಿ ಮೆರವಣಿಗೆಯಂತೆ ಸಾಗುವರು. ಪೋಲಿಷ್ ಕವಿಗಳ ಪದ್ಯಗಳಿಗೆ ಶೊಪ್ಯಾನನು ರಾಗ ಹಾಕಿದ ಹಾಡುಗಳೂ ಉಂಟು; ಅವು ಬಹುಮಟ್ಟಿಗೆ ಅವನ ಮರಣಾನಂತರ ಅಚ್ಚಾದವು. ಅವುಗಳಲ್ಲಿ ಎರಡು ಮಿತ್ಸ್‌ಕ್ಯೇವಿಚನವು. ಅವನ ಬ್ಯಾಲಡುಗಳಿಗೆ ಮಿತ್ಸ್‌ಕ್ಯೇವಿಚನ ಕವನಗಳು ಪ್ರೇರಣೆಯಾದುವೆಂದು ಅವನೇ ಹೇಳಿದುದಾಗಿ ಶೂಮನ್ನನು 1841ರಲ್ಲಿ ಬರೆದನು. ಯಾವ ಬ್ಯಾಲಡಿಗೆ ಯಾವ ಕವನವೆಂದು ಶೊಪ್ಯಾನನು ಹೇಳಿಹೋಗಲಿಲ್ಲ. ಇದು ಸರೋವರದ ಜಲಕನ್ಯೆ, ಇದು ಮುಳುಗಿದ ಊರು ಎಂದು ಕೆಲವರು ಪುಟಪುಟಕ್ಕೂ ಕಥೆಯನ್ನು ಅಂಟಿಸುವರು. ನನಗೆ ಅದು ಸರಿದೋರದು. ಕಥೆಯನ್ನು ಬಿಟ್ಟು ಕಥೆ ಹೇಳುವ ಧ್ವನಿಯನ್ನು ಮಾತ್ರ ಅವನು ತೆಗೆದುಕೊಂಡನೆಂದು ಎಣಿಸಿ ಕೇಳಿದರೆ ಸಾಕು.

ಅವನು 1849ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು. ದೇಹವು ಅಲ್ಲಿಯೇ ಮಣ್ಣಾಯಿತು. ಹೃದಯವನ್ನು ಮಾತ್ರ ಅಕ್ಕ ಲುದ್ವಿಕಾ ವಾರ್ಸಾಕ್ಕೆ ಒಯ್ದಳು. ಅದು ಇಂದಿಗೂ ಪವಿತ್ರ ಶಿಲುಬೆಯ ದೇವಾಲಯದ ಕಂಬವೊಂದರಲ್ಲಿ ಇದೆ. 1863ರ ಸೆಪ್ಟೆಂಬರಿನಲ್ಲಿ, ಅಧಿಕಾರಿಯೊಬ್ಬನ ಕೊಲೆಗೆ ಯತ್ನ ನಡೆಯಿತೆಂಬ ಸಿಟ್ಟಿನಲ್ಲಿ ರಷ್ಯನ್ ಸಿಪಾಯಿಗಳು ವಾರ್ಸಾದ ಜಮೋಯ್‌ಸ್ಕಿ ಅರಮನೆಗೆ ನುಗ್ಗಿ, ಅಲ್ಲಿ ವಾಸವಾಗಿದ್ದ ಅವನ ತಂಗಿಯ ಮನೆಯಿಂದ ಅವನ ಪಿಯಾನೊವನ್ನು ಕಿಟಕಿಯಿಂದ ಬೀದಿಗೆ ಎಸೆದರು. ಶೊಪ್ಯಾನನನ್ನು ಕೊನೆಯ ದಿನಗಳಲ್ಲಿ ಕಂಡು ಮಾತಾಡಿದ್ದ ಕವಿ ಸಿಪ್ರಿಯಾನ್ ನೊರ್ವಿದನು ಈ ಸುದ್ದಿ ಕೇಳಿ ‘ಶೊಪ್ಯಾನನ ಪಿಯಾನೊ’ ಎಂಬ ಕವನವನ್ನು ರಚಿಸಿದನು. ನೊರ್ವಿದನು ಬಡತನದಲ್ಲಿ, ಹೆಚ್ಚು ಜನರ ಲಕ್ಷ್ಯಕ್ಕೆ ಬಾರದೆ, 1883ರಲ್ಲಿ ಸತ್ತನು. ಅವನ ಸಾಲುಗಳು ಮೇಲೆದ್ದು ಬಂದುದು ಮುಂದಿನ ಶತಮಾನದಲ್ಲಿ, ಅದರಲ್ಲಿ ಒಂದು ಚಲಚ್ಚಿತ್ರದಲ್ಲಿಯೂ.

ಆ ಚಿತ್ರವು ಆಂದ್ಜೇಯ್ ವಾಯ್ದಾ ನಿರ್ದೇಶಿಸಿದ ‘ಬೂದಿ ಮತ್ತು ವಜ್ರ’ (1958). ಹೆಸರೇ ನೊರ್ವಿದನಿಂದ ಬಂದುದು. ಎರಡನೆಯ ಮಹಾಯುದ್ಧವು ಯೂರೋಪಿನಲ್ಲಿ ಮುಗಿದ ದಿನ, 1945ನೆಯ ಮೇ 8. ಮಾಚೆಕ್ ಎಂಬ ತರುಣನು ಜರ್ಮನರ ವಿರುದ್ಧ ಹೋರಾಡಿದ ಗುಪ್ತಸೇನೆಯವನು. ಈಗ ಅವನಿಗೆ ಕಮ್ಯೂನಿಸ್ಟ್ ಅಧಿಕಾರಿಯೊಬ್ಬನನ್ನು ಕೊಲ್ಲಬೇಕೆಂಬ ಅಪ್ಪಣೆ. ಆ ರಾತ್ರಿಯೇ ಹೋಟೆಲಿನಲ್ಲಿ ಕೆಲಸ ಮಾಡುವ ಕ್ರಿಸ್ತೀನಾ ಎಂಬ ಹುಡುಗಿಯನ್ನು ಕಂಡು, ಮೊದಲು ಹುಡುಗಾಟಕ್ಕೆಂದು ಮಾತಾಡಿಸಿ, ಬಳಿಕ ನಿಜವಾಗಿಯೇ ಒಲಿಯುವನು. ರಾತ್ರಿಯಲ್ಲೂ ಕಪ್ಪು ಕನ್ನಡಕವನ್ನು ಏಕೆ ಹಾಕಿರುವೆಯೆಂದು ಆಕೆ ಕೇಳಿದಾಗ, ದೇಶದ ಮೇಲಿನ ಮರುಒಲುಮೆಯಿಲ್ಲದ ಪ್ರೇಮದ ಕುರುಹೆಂದು ಅವನು ನಗುತ್ತ ಉತ್ತರಿಸುವನು. ವಾರ್ಸಾದ ದಂಗೆಯಲ್ಲಿ ಚರಂಡಿಗಳೊಳಗೆ ಅಲೆದು ಅವನ ಕಣ್ಣು ಕೆಟ್ಟಿರುವುದು. ಪಾಳುಬಿದ್ದ ದೇವಾಲಯವೊಂದರಲ್ಲಿ ಸಮಾಧಿಯ ಕಲ್ಲಿನ ಮೇಲಿನ ಬರಹವನ್ನು ಕ್ರಿಸ್ತೀನಾ ಓದಲು ತೊಡಗುವಳು, ಅಕ್ಷರಗಳು ಅಳಿಸಿವೆ, ಉಳಿದುದನ್ನು ಮಾಚೆಕನು ಬಾಯಿಪಾಠದಿಂದ ಪೂರ್ತಿಮಾಡುವನು. ಎಲ್ಲವೂ ಉರಿದ ಮೇಲೆ ಬೂದಿಯ ತಳದಲ್ಲಿ ವಜ್ರ ಉಳಿದೀತೇ ಎಂಬುದೇ ಆ ನೊರ್ವಿದನ ಪದ್ಯದ ಪ್ರಶ್ನೆ. ಗುಪ್ತಸೇನೆಯ ಕೊಲೆಗಾರನಿಗೆ ಈ ಪದ್ಯ ಬಾಯಿಗೆ ಬಂದುದೆಲ್ಲಿಂದ ಎಂದು ಯೋಚಿಸಿದರೆ, ಮೇಲೆ ಹೇಳಿದ ಆ ತಾಯಂದಿರ ನೆನಪು ಬರುವುದು. ಅವನಿಗೆ ಬದುಕಬೇಕೆಂಬ ಆಸೆ ಹುಟ್ಟಿದೆ, ಆದರೂ ಅಪ್ಪಣೆಯನ್ನು ಮೀರಲಾರದೆ ಕೊಲ್ಲುವನು. ಬೆಳಗಾಗುವಷ್ಟರಲ್ಲಿ ತಾನೂ ಗುಂಡು ತಗಲಿ ಕಸದ ರಾಶಿಯ ಮೇಲೆ ಸಾಯುವನು. ಅದೇ ಹೊತ್ತಿಗೆ ಹೋಟೆಲಿನಲ್ಲಿ ಕುಡಿದು ತೂಗಾಡುವ ಅತಿಥಿಗಳು ಅಪಸ್ವರದ ವಾದ್ಯಗಳಿಗೆ ಪೊಲೊನೇಸ್ ಹೆಜ್ಜೆಹಾಕುವರು. ಆ ಪೊಲೊನೇಸ್ ಒಗೀನ್‌ಸ್ಕಿಯು ರಚಿಸಿದ, ‘ಜನ್ಮಭೂಮಿಗೆ ವಿದಾಯ’ ಎಂದು ಹೆಸರಾದುದು. ಮಿತ್ಸ್‌ಕ್ಯೇವಿಚನ ಕಾವ್ಯದಲ್ಲಿ ಮದುವೆಯ ಮಂಗಳವಾಗಿದ್ದ ನಾಟ್ಯವು ಇಲ್ಲಿ ಅಣಕವಾಗಿದೆ. ನೋಡುವ ಪೋಲಿಷ್ ಜನರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ನಲವತ್ತೊಂದು ವರ್ಷಗಳಾದ ಮೇಲೆ ಅದೇ ವಾಯ್ದಾ, 1999ರಲ್ಲಿ, ‘ಪಾನ್ ತಾದೇವುಷ್’ ಕಾವ್ಯವನ್ನೇ ಚಿತ್ರವಾಗಿ ತೆಗೆದನು. ಪಾತ್ರಗಳು ಮಿತ್ಸ್‌ಕ್ಯೇವಿಚನ ಪದ್ಯವನ್ನೇ ಮಾತಾಡುವರು. ಪೋಲೆಂಡಿನಲ್ಲಿ ಅರುವತ್ತು ಲಕ್ಷಕ್ಕೂ ಹೆಚ್ಚು ಜನರು ಅದನ್ನು ನೋಡಿದರು. ಅದಕ್ಕೆ ವೊಯ್‌ಚೆಖ್ ಕಿಲಾರ್ ರಚಿಸಿದ ಪೊಲೊನೇಸ್ ಚಿತ್ರದಿಂದ ಹೊರಬಂದು ಶಾಲೆಗಳನ್ನು ಸೇರಿತು. ಅಲ್ಲಿ ಪ್ರೌಢಶಾಲೆಯ ಕೊನೆಯ ಪರೀಕ್ಷೆಗೆ ಸುಮಾರು ನೂರು ದಿನಗಳಿರುವಾಗ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಕೂಡಿ ಒಂದು ಸಂತೋಷಕೂಟವನ್ನು ನಡೆಸುವ ಪದ್ಧತಿಯುಂಟು. ಅದು ಪೊಲೊನೇಸಿನಿಂದಲೇ ಆರಂಭವಾಗಬೇಕು. ಈಗ ಬಹು ಶಾಲೆಗಳಲ್ಲಿ ಹುಡುಗರೂ ಹುಡುಗಿಯರೂ ಕಿಲಾರನ ಸಂಗೀತಕ್ಕೇ ಸಾಲುಗಟ್ಟಿ ನಡೆಯುವರು. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಪೊಲೊನೇಸನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಪರೀಕ್ಷೆಗೆ ನೂರು ದಿನಗಳಿರುವಾಗ ನಮ್ಮ ಮಕ್ಕಳನ್ನು ನಾವು ಹೇಗೆ ಇಡುತ್ತೇವೆಂಬುದನ್ನು ಇಲ್ಲಿ ಹೇಳದಿರುವುದೇ ಲೇಸು.

2018ರಲ್ಲಿ ಪಾವೆಲ್ ಪಾವ್ಲಿಕೋವ್‌ಸ್ಕಿಯ ‘ಶೀತಲ ಸಮರ’ ಎಂಬ ಕಪ್ಪುಬಿಳುಪಿನ ಚಿತ್ರವು ಬಂದು, ಕಾನ್ ಉತ್ಸವದಲ್ಲಿ ಉತ್ತಮ ನಿರ್ದೇಶಕನ ಬಹುಮಾನವನ್ನು ಪಡೆಯಿತು. ನಿರ್ದೇಶಕನು ಇದನ್ನು ತನ್ನ ತಂದೆತಾಯಿಗಳಿಗೆ ಅರ್ಪಿಸಿದ್ದಾನೆ. ಯುದ್ಧಾನಂತರ ಹಳ್ಳಿಯ ಹಾಡುಗಳನ್ನು ಸಂಗ್ರಹಿಸುವ ವಿಕ್ತೊರ್ ಎಂಬ ಸಂಗೀತಗಾರನೂ, ಗಾಯನಮಂಡಲಿಗೆ ಸೇರಲು ಬರುವ ಜೂಲಾ ಎಂಬ ಹುಡುಗಿಯೂ ಹದಿನೈದು ವರ್ಷಗಳ ಕಾಲ ಗಡಿಗಳ ಆಚೆ ಈಚೆ ಕೂಡುತ್ತ ಅಗಲುತ್ತ ಇರುವರು. ಆ ಮಂಡಲಿಗೆ ಮಾದರಿ 1948ರಲ್ಲಿ ಸ್ಥಾಪನೆಯಾದ ‘ಮಜೋವ್ಶೆ’ ಎಂಬ ನಿಜವಾದ ಜನಪದ ಮಂಡಲಿ. ‘ಎರಡು ಪುಟ್ಟ ಹೃದಯಗಳು’ ಎಂಬ ಒಂದೇ ಹಾಡು ಚಿತ್ರದುದ್ದಕ್ಕೂ ಬರುವುದು: ಮೊದಲು ಹಳ್ಳಿಯ ಹುಡುಗಿಯ ಬರಿಯ ಕೊರಳಿನಲ್ಲಿ, ಆಮೇಲೆ ಸರ್ಕಾರದ ರಂಗದ ಮೇಲೆ ದೊಡ್ಡ ಮೇಳವಾಗಿ, ಕೊನೆಗೆ ಪ್ಯಾರಿಸಿನ ನೆಲಮಾಳಿಗೆಯಲ್ಲಿ ಜಾಜ್ ಆಗಿ, ಫ್ರೆಂಚ್ ಮಾತಿನಲ್ಲಿ. ಭಾಷೆ ಬದಲಾದ ಆ ಹಾಡು ಜೂಲಾಳಿಗೆ ತನ್ನದೆನಿಸುವುದಿಲ್ಲ. ಅದರ ಗ್ರಾಮಫೋನ್ ತಟ್ಟೆ ಹೊರಬಂದ ದಿನ ಅದನ್ನು ಕಾರಂಜಿಗೆ ಎಸೆದುಬಿಡುವಳು. ಮರಿಲಾಳಂತೆ ಇವಳು ಚಿತ್ರವಾಗಿ ಗೋಡೆಯ ಮೇಲೆ ಇರುವವಳಲ್ಲ. ಮಾತಾಡುವಳು, ಹಾಡುವಳು, ತಪ್ಪುವಳು, ಮರಳಿ ಬರುವಳು. ಕೊನೆಗೆ ಪಾಳು ದೇವಾಲಯವೊಂದರಲ್ಲಿ ಇಬ್ಬರೂ ಕೂಡಿ ಪ್ರಾಣ ಬಿಡುವಂತೆ ಕಥೆ ಮುಗಿಯುವುದು. ಈ ಅಂತ್ಯವನ್ನು ನಾನು ಒಪ್ಪಲಾರೆ. ಚಂದ್ರನ ಬೆಳಕಿನಂತಹ ಛಾಯಾಗ್ರಹಣದಿಂದ ಸಾವು ಸುಂದರವಾಗಿ ಕಾಣುವುದು ಎಳೆಯ ಮನಸ್ಸಿಗೆ ಅಪಾಯಕರ. ಆದುದರಿಂದ ಇದನ್ನು ಶಾಲೆಯ ಮಕ್ಕಳಿಗೆ ತೋರಿಸಬಾರದು; ಬೆಳೆದ ಹೆಣ್ಣುಮಕ್ಕಳು ತಾಯಿಯ ಜೊತೆಯಲ್ಲಿ ನೋಡಿ, ನೋಡಿದ ಮೇಲೆ ಕೂತು ಮಾತಾಡುವುದಾದರೆ ನೋಡಲಿ. ‘ಪಾನ್ ತಾದೇವುಷ್’ ಚಿತ್ರವನ್ನು ಮನೆಯವರೆಲ್ಲ ಕೂಡಿ ನೋಡಬಹುದು. ಅಲ್ಲಿಂದಲೇ ಆರಂಭಿಸುವುದು ಒಳಿತು.

ಹೆಣ್ಣು ತಾನೇ ಬರೆದ ಪ್ರೇಮಕವನವನ್ನು ಬೇಕೆನ್ನುವವರು ವಿಸ್ವಾವಾ ಶಿಂಬೋರ್‌ಸ್ಕಾಳನ್ನು ಓದಬೇಕು; 1996ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂದಿತು. ಮೊದಲ ನೋಟದ ಪ್ರೇಮವನ್ನು ಕುರಿತ ಆಕೆಯ ಕವನವು 1993ರ ಸಂಪುಟದಲ್ಲಿದೆ. ಮೊದಲ ನೋಟವೆಂಬುದು ನಿಜವಾಗಿ ಮೊದಲನೆಯದೇ, ಅದಕ್ಕೆ ಮುಂಚೆ ಬಾಗಿಲಲ್ಲಿಯೋ ದಾರಿಯಲ್ಲಿಯೋ ಒಬ್ಬರನ್ನೊಬ್ಬರು ಅರಿಯದೆ ದಾಟಿಹೋಗಿರಲಿಲ್ಲವೇ ಎಂದು ಆಕೆ ಮೆಲ್ಲಗೆ ಕೇಳುವಳು. ಕಣ್ಣೀರಿಲ್ಲ, ಶಾಪವಿಲ್ಲ, ತುಟಿಯಂಚಿನ ನಗೆಯೊಂದಿದೆ. ಕ್ಶಿಷ್ತೋಫ್ ಕಿಯೆಶ್ಲೋವ್‌ಸ್ಕಿಯ ‘ಮೂರು ಬಣ್ಣಗಳು: ಕೆಂಪು’ (1994) ಎಂಬ ಚಿತ್ರದ ಸಂಗೀತದ ತಟ್ಟೆಯಲ್ಲಿ ಪ್ರೈಸ್ನರನು ಈ ಕವನಕ್ಕೆ ರಾಗ ಕೂಡಿಸಿದ್ದಾನೆ. ಆ ಚಿತ್ರದಲ್ಲಿಯೂ ಒಂದೇ ಬೀದಿಯಲ್ಲಿ ವಾಸಿಸುವ ಇಬ್ಬರು ಚಿತ್ರವೆಲ್ಲ ಮುಗಿಯುವ ತನಕ ಪರಸ್ಪರ ಅರಿಯದೆ ಹಾದುಹೋಗುವರು.

ಪೋಲೆಂಡು ನಮಗೆ ತೀರ ದೂರದ ನಾಡೆಂದು ಎಣಿಸುವವರಿಗೆ ಒಂದು ಸಂಗತಿಯನ್ನು ತಿಳಿಸುತ್ತೇನೆ. ವಂದಾ ದಿನೋವ್‌ಸ್ಕಾ ಎಂಬ ಪೋಲಿಷ್ ಮಹಿಳೆ 1935ರಲ್ಲಿ ಹಿಂದೂದೇಶಕ್ಕೆ ಬಂದು, ಉಮಾದೇವಿ ಎಂಬ ಹೆಸರನ್ನು ಧರಿಸಿ ಇಲ್ಲಿಯೇ ನೆಲೆಸಿದಳು. 1944ರಲ್ಲಿ ಹರಿಶ್ಚಂದ್ರ ಭಟ್ಟರೊಡನೆ ಕೂಡಿ ಪೋಲಿಷ್ ಕವನಗಳ ಇಂಗ್ಲಿ‌ಷ್ ಸಂಕಲನವನ್ನು ಬೊಂಬಾಯಿಯಲ್ಲಿ ಪ್ರಕಟಿಸಿದಳು. ಅದೇ ವರ್ಷ, ಹಿಂದೆ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಕೆಲಸಮಾಡಿದ್ದ ಪೋಲಿಷ್ ಇಂಜಿನಿಯರ್ ಮಾರಿಸ್ ಫ್ರಿಡ್ಮನ್ನನೊಡನೆ ಮದರಾಸಿನಲ್ಲಿ ಪೋಲಿಷ್-ಇಂಡಿಯನ್ ಗ್ರಂಥಮಾಲೆಯನ್ನು ಆರಂಭಿಸಿ, ನಮ್ಮ ದೇಶದ ಗ್ರಂಥಗಳನ್ನು ತನ್ನ ಭಾಷೆಗೆ ತಂದಳು. ಮುಪ್ಪಿನಲ್ಲಿ ಟಿಬೆಟ್ಟಿನ ನಿರಾಶ್ರಿತ ಮಕ್ಕಳ ಸೇವೆಯಲ್ಲಿದ್ದು, 1971ರ ಮಾರ್ಚಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡಳು.